ನೀರಿಗೆ ಇಳಿಸುವ ಮುನ್ನ

ಕಳೆದ ಮಳೆಗಾಲದ ಒಂದು ಸಂಜೆ. ಗುರುಗ್ರಾಮದ ನರಸಿಂಗ್‌ಪುರದ ಬಳಿ ಹೆದ್ದಾರಿಯ ಸರ್ವಿಸ್ ರಸ್ತೆ ಎಂದಿನಂತೆ ಕೆರೆಯಾಗಿತ್ತು. ಸಣ್ಣ ಕಾರಿನವರು ಹಿಂದಕ್ಕೆ ತಿರುಗುತ್ತಿದ್ದರು. ನನ್ನದು ಫೋರ್ ವೀಲ್ ಡ್ರೈವ್ ಜೀಪು, ನನಗೇನು ಭಯ ಅಂತ ಇಳಿಸಿಬಿಟ್ಟೆ. ಅರ್ಧ ದಾರಿಯಲ್ಲಿ ಎದುರಿಂದ ಬಂದ ಬಸ್ಸು ಎಬ್ಬಿಸಿದ ಅಲೆ ಬಾನೆಟ್ ಹತ್ತಿತು. ಎಂಜಿನ್ ಕೆಮ್ಮಿ ನಿಂತಿತು.

ಕೈ ತಾನಾಗಿ ಕೀಲಿಗೆ ಹೋಯಿತು. ತಿರುಗಿಸಲಿಲ್ಲ, ಅದೊಂದೇ ನಾನು ಮಾಡಿದ ಬುದ್ಧಿವಂತಿಕೆ.

ಕಾರಣ ಸರಳ. ಡೀಸೆಲ್ ಎಂಜಿನ್ನಿನ ಪಿಸ್ಟನ್ ಗಾಳಿಯನ್ನು ಸುಮಾರು ಹದಿನಾರರಲ್ಲಿ ಒಂದು ಪಾಲಿಗೆ ಒತ್ತುತ್ತದೆ. ಗಾಳಿ ಕುಗ್ಗುತ್ತದೆ, ನೀರು ಕುಗ್ಗುವುದಿಲ್ಲ. ಏರ್ ಫಿಲ್ಟರ್ ದಾಟಿ ನೀರು ಸಿಲಿಂಡರಿಗೆ ಹೋಗಿದ್ದಾಗ ಸ್ಟಾರ್ಟ್ ಮಾಡಿದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಗಾಡಿ ಎಳೆಸಿಕೊಂಡು ಗ್ಯಾರೇಜಿಗೆ ಹೋದೆ. ಫಿಲ್ಟರ್ ತೊಯ್ದಿತ್ತು, ಎಂಜಿನ್ ಉಳಿದಿತ್ತು. ಪಕ್ಕದ ಗಾಡಿಯವರು ಮೂರು ಸಲ ಕೀಲಿ ತಿರುಗಿಸಿದ್ದರಂತೆ. ಅವರ ಬಿಲ್ಲು ಲಕ್ಷ ದಾಟಿತ್ತು. ಸಾಮಾನ್ಯ ವಿಮೆ ಇದಕ್ಕೆ ಕೊಡುವುದಿಲ್ಲ. ಎಂಜಿನ್ ಪ್ರೊಟೆಕ್ಷನ್ ಬೇರೆಯಾಗಿ ಸೇರಿಸಿಕೊಂಡಿರಬೇಕು.

ಮಹೀಂದ್ರಾ ಥಾರ್ 650 ಮಿಲಿಮೀಟರ್ ಆಳದ ನೀರು ದಾಟಬಲ್ಲದು ಎನ್ನುತ್ತಾರೆ. ನಿಜವೇ. ಆದರೆ ಅಂಥ ಲೆಕ್ಕ ನಿಂತ ನೀರಿಗೆ, ನಡಿಗೆಯ ವೇಗಕ್ಕೆ. ಎದುರಿನ ಬಸ್ಸಿನ ಅಲೆ ಅದರಲ್ಲಿ ಸೇರಿಲ್ಲ. ಸ್ನಾರ್ಕೆಲ್ ಹಾಕಿಸಿದರೆ ಗಾಳಿ ಮೇಲಿನಿಂದ ಬರುತ್ತದೆ, ಅಷ್ಟೇ. ವೈರಿಂಗ್ ತೊಯ್ಯುವುದನ್ನು, ಗಾಡಿ ತೇಲುವುದನ್ನು ಅದು ತಪ್ಪಿಸದು. ಡಿಫರೆನ್ಷಿಯಲ್ಲಿನ ಬ್ರೀದರ್ ಪೈಪನ್ನೂ ಎತ್ತರಕ್ಕೆ ಒಯ್ದಿರಬೇಕು. ಇಲ್ಲದಿದ್ದರೆ ಬಿಸಿಯಾಗಿದ್ದ ಡಿಫರೆನ್ಷಿಯಲ್ ತಣ್ಣೀರು ತಾಗಿದಾಗ ಒಳಕ್ಕೆ ನೀರು ಎಳೆದುಕೊಳ್ಳುತ್ತದೆ. ನೀರು ದಾಟಿದ ಮೇಲೆ ಬ್ರೇಕನ್ನು ಮೆಲ್ಲಗೆ ಒತ್ತುತ್ತಾ ಒಣಗಿಸಿ. ಆಯಿಲ್ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ಕೂಡಲೇ ಬದಲಿಸಿ.

ನಮ್ಮ ತೀರ್ಥಹಳ್ಳಿ ಕಡೆ ಹಳೇ ಜೀಪಿನ ಡ್ರೈವರಣ್ಣ ಹಳ್ಳ ಸಿಕ್ಕರೆ ಮೊದಲು ಕೆಳಗಿಳಿಯುತ್ತಿದ್ದ. ಕೋಲು ಊರಿ ಆಳ ನೋಡುತ್ತಿದ್ದ. ಫ್ಯಾನು ಎಂಜಿನ್ ಮೇಲೆ ನೀರೆರಚದಿರಲಿ ಅಂತ ಬೆಲ್ಟ್ ಬಿಚ್ಚುತ್ತಿದ್ದ. ನೀರು ಕೆಂಪಾಗಿ ರಭಸದಲ್ಲಿದ್ದರೆ, "ಇವತ್ತು ಆಗಲ್ಲ, ನಾಳೆ ನೋಡಣ" ಅಂತ ವಾಪಸ್ ತಿರುಗಿಸುತ್ತಿದ್ದ. ಯಾರೂ ಅವನನ್ನು ಹೇಡಿ ಅನ್ನಲಿಲ್ಲ.

ನಗರದ ಅಂಡರ್‌ಪಾಸಿನಲ್ಲಿ ಕೋಲು ಊರುವವರು ಯಾರು? 2020ರ ಜುಲೈಯಲ್ಲಿ ದೆಹಲಿಯ ಮಿಂಟೋ ಬ್ರಿಡ್ಜ್ ಕೆಳಗೆ ಸಣ್ಣ ಸರಕು ಗಾಡಿಯ ಚಾಲಕರೊಬ್ಬರು ಮುಳುಗಿ ತೀರಿಕೊಂಡರು. 2023ರ ಮೇ 21ರಂದು ಬೆಂಗಳೂರಿನ ಕೆ.ಆರ್. ಸರ್ಕಲ್ ಅಂಡರ್‌ಪಾಸಿನಲ್ಲಿ ನಮ್ಮಂತೆಯೇ ಐಟಿ ಕೆಲಸದಲ್ಲಿದ್ದ ಯುವತಿ ಹೋದಳು. ಕೆಟ್ಟ ಎಂಜಿನ್ನನ್ನಾದರೂ ದುಡ್ಡು ಸುರಿದು ಸರಿಮಾಡಿಸಬಹುದು.

ಈ ಸಲ ನರಸಿಂಗ್‌ಪುರದಲ್ಲಿ ನೀರು ನಿಂತರೆ ನಾನೂ ಸಣ್ಣ ಕಾರಿನವರ ಹಿಂದೆಯೇ ತಿರುಗಿ, ಚಹಾ ಅಂಗಡಿಯಲ್ಲಿ ಕೂರುತ್ತೇನೆ. ನೀವೂ ಸಿಕ್ಕರೆ ನೀರು ಇಳಿಯುವ ತನಕ ಕನ್ನಡದಲ್ಲಿ ಹರಟೋಣ.