ಆಸ್ಪತ್ರೆ ಬಿಲ್ಲು ಕಟ್ಟಿದರೆ ಮುಗಿಯಿತೇ?

ಇಳಕಲ್ಲಿನ ಗ್ರಾನೈಟ್ ಖಣಿಯಲ್ಲಿ ಕಾರ್ಮಿಕನ ಕೈ ಕಲ್ಲಿನಡಿ ಸಿಕ್ಕರೆ ಮೊದಲು ಆಸ್ಪತ್ರೆ, ಅದರ ಬೆನ್ನಲ್ಲೇ ರಾಜಿ. ಮಾಲೀಕರು ಬಿಲ್ಲು ಕಟ್ಟಿ, ಮೇಲೊಂದಿಷ್ಟು ಕೈಗಿಟ್ಟರೆ ನಾಲ್ವರು ಹಿರಿಯರು ‘ಮುಗೀತು ಬಿಡ್ರಿ’ ಅಂದುಬಿಡುತ್ತಾರೆ. ಕಾನೂನಿನ ಪ್ರಕಾರ ಅದು ಮುಗಿದಿರುವುದಿಲ್ಲ.

ಲೆಕ್ಕ ಹಾಕಿ ನೋಡೋಣ. 1923ರ ನೌಕರರ ಪರಿಹಾರ ಕಾಯ್ದೆ ಈಗ, 2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಸೇರಿಹೋಗಿದೆ. ಲೆಕ್ಕದ ಕ್ರಮ ಮಾತ್ರ ಹಳೆಯದೇ. ಮೂವತ್ತು ವರ್ಷದವನ ಹೆಬ್ಬೆರಳು ಹೋದರೆ ದುಡಿಮೆಯ ಶಕ್ತಿ ಶೇ 30 ಕುಂದಿತು ಎಂದು ಸಂಹಿತೆಯ ಪಟ್ಟಿ ಹೇಳುತ್ತದೆ. ಪಗಾರ 15,000 ರೂಪಾಯಿ ಎಂದಿಟ್ಟುಕೊಂಡರೆ ಅದರ ಶೇ 60, ಅಂದರೆ 9,000. ಆ ವಯಸ್ಸಿನ ಗುಣಕ 207.98. ಗುಣಿಸಿ ಅದರ ಶೇ 30 ಲೆಕ್ಕ ಹಾಕಿದರೆ 5,61,546 ರೂಪಾಯಿ. ಚಿಕಿತ್ಸೆಯ ಖರ್ಚು ಇದರ ಹೊರಗಿನದು. ಬಿಲ್ಲನ್ನೇ ಪರಿಹಾರವೆಂದು ತೋರಿಸುವ ರಾಜಿಯಲ್ಲಿ ಕಾರ್ಮಿಕ ಕಳೆದುಕೊಳ್ಳುವುದು ಈ ಮೊತ್ತವನ್ನು.

‘ನೀನೇ ಅಜಾಗರೂಕನಾಗಿದ್ದೆ’ ಎಂಬ ವಾದವೂ ನಿಲ್ಲುವುದಿಲ್ಲ. ಕುಡಿದಿದ್ದ, ಸುರಕ್ಷತಾ ಸಾಧನವನ್ನು ಬೇಕೆಂದೇ ಕಿತ್ತೆಸೆದ ಎಂಬಂಥ ಕೆಲವೇ ಕಾರಣಗಳು ನಡೆಯುತ್ತವೆ. ಸಾವು ಅಥವಾ ಪೂರ್ಣ ಶಾಶ್ವತ ಅಂಗವೈಕಲ್ಯವಾದರೆ ಅವೂ ನಡೆಯುವುದಿಲ್ಲ. ‘ಅವನು ನಮ್ಮವನಲ್ಲ, ಗುತ್ತೇದಾರನ ಆಳು’ ಅನ್ನುವಂತಿಲ್ಲ. ಗುತ್ತಿಗೆ ಕೊಟ್ಟವರೂ ಹೊಣೆ. ಹಕ್ಕು ಬಿಟ್ಟುಕೊಟ್ಟೆ ಎಂದು ಬರೆಸಿಕೊಂಡ ಕಾಗದಕ್ಕೆ ಬೆಲೆಯಿಲ್ಲ.

ಶೇಕಡಾವಾರು ಪಟ್ಟಿಯೂ ಕೊನೆಯ ಮಾತಲ್ಲ. ಎಡಗೈ ಕಳೆದುಕೊಂಡ ಬಡಗಿಯೊಬ್ಬನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1975ರಷ್ಟು ಹಿಂದೆಯೇ, ಒಂದೇ ಕೈಯಿಂದ ಬಡಗಿತನ ಸಾಗದು, ಆದ್ದರಿಂದ ನಷ್ಟ ಪೂರ್ತಿ ನೂರಕ್ಕೆ ನೂರು ಎಂಬ ತೀರ್ಮಾನವನ್ನು ಎತ್ತಿಹಿಡಿಯಿತು. ಜಾಕ್‌ಹ್ಯಾಮರ್ ಹಿಡಿಯುವವನಿಗೂ, ಮಗ್ಗದ ಮುಂದೆ ಕೂಲಿಗೆ ಕೂರುವವರಿಗೂ ಈ ತೀರ್ಪು ಗೊತ್ತಿರಬೇಕು.

ಕಾಯ್ದೆ ಎಡವುವುದು ಧೂಳಿನ ಮುಂದೆ. ಸಿಲಿಕೋಸಿಸ್ ಕೂಡ ಪರಿಹಾರ ಸಿಗಬೇಕಾದ ವೃತ್ತಿರೋಗವೇ. ಆದರೆ ಕಲ್ಲಿನ ಪುಡಿ ಶ್ವಾಸಕೋಶದಲ್ಲಿ ಕೂತು ಉಸಿರು ಕಟ್ಟಲು ವರ್ಷಗಳು ಬೇಕು; ಅಷ್ಟರಲ್ಲಿ ಕಾರ್ಮಿಕ ಹಲವು ಖಣಿ ಬದಲಿಸಿರುತ್ತಾನೆ. ದುಡಿಸಿಕೊಂಡ ಮಾಲೀಕರೆಲ್ಲ ಹೊಣೆ ಹಂಚಿಕೊಳ್ಳಬೇಕೆಂಬ ನಿಯಮವಿದೆ. ದುಡಿದದ್ದಕ್ಕೆ ಚೀಟಿಯೇ ಇಲ್ಲದಾಗ ಯಾರಿಂದ ಯಾವ ಪಾಲು ಕೇಳುವುದು? ಎಷ್ಟೋ ಮಂದಿಗೆ ಕ್ಷಯವೆಂದು ಮಾತ್ರೆ ಕೊಟ್ಟು ಕಳಿಸಿದರೆ ರೋಗದ ಹೆಸರೂ ದಾಖಲೆಗೆ ಬರುವುದಿಲ್ಲ.

ರಾಜಸ್ಥಾನ 2019ರಲ್ಲಿ ಈ ಗಂಟನ್ನು ಬೇರೆ ರೀತಿ ಬಿಡಿಸಿತು. ಮಾಲೀಕ ಯಾರೆಂದು ಸಾಬೀತುಪಡಿಸುವ ಭಾರ ಹೊರಿಸದೆ, ವೈದ್ಯರ ಪ್ರಮಾಣಪತ್ರದ ಮೇಲೆಯೇ ಸರ್ಕಾರ 3 ಲಕ್ಷ ರೂಪಾಯಿ, ಸತ್ತರೆ ಕುಟುಂಬಕ್ಕೆ ಮತ್ತೆ 2 ಲಕ್ಷ ಕೊಡುವ ನೀತಿ ತಂದಿತು. ಬಾಗಲಕೋಟೆಯಲ್ಲೂ ಜಿಲ್ಲಾ ಖನಿಜ ಪ್ರತಿಷ್ಠಾನದ ಹಣವಿದೆ. ಗಣಿಗಾರಿಕೆಯಿಂದ ಬಾಧಿತರಾದವರಿಗಾಗಿಯೇ ಇರುವ ಹಣ. ಅದರಲ್ಲಿ ಹುನಗುಂದ, ಇಳಕಲ್ ತಾಲ್ಲೂಕುಗಳ ಖಣಿ ಕಾರ್ಮಿಕರಿಗೆ ವರ್ಷಕ್ಕೊಮ್ಮೆ ಎದೆಯ ಎಕ್ಸ್‌ರೇ ತೆಗೆಸಿ, ಅದರ ಪ್ರತಿಯನ್ನು ಕಾರ್ಮಿಕನ ಕೈಗೇ ಕೊಡುವುದನ್ನು ಜಿಲ್ಲಾಡಳಿತ ಈ ವರ್ಷವೇ ಶುರುಮಾಡಬಹುದು.