ಇದು ನಾನಲ್ಲ!

ನಾಸಿಕ್‌ನಿಂದ ಮುಂಬೈ-ಆಗ್ರಾ ಹೆದ್ದಾರಿಯಲ್ಲಿ ಸುಮಾರು 65 ಕಿ.ಮೀ. ಹೋದರೆ ಚಾಂದವಡ್, ಅಹಲ್ಯಾಬಾಯಿ ಹೋಳ್ಕರರ ರಂಗಮಹಲ್ ಇರುವ ಊರು. ವಾರವಿಡೀ ಕೋಡ್ ಬರೆದು, ರಜೆಯಲ್ಲಿ ಮದುವೆ ಫೋಟೊ ತೆಗೆಯಲು ಹೊರಟ ನನಗೆ ಮೊದಲ ಕೆಲಸ ಸಿಕ್ಕಿದ್ದು ಅಲ್ಲೇ. ಡಿಸೆಂಬರ್‌ನಲ್ಲಿ ಸಹೋದ್ಯೋಗಿಯ ತಂಗಿಯ ಮದುವೆ.

ಹೊಸ ಸ್ಟುಡಿಯೋ ಲೈಟನ್ನು ಮದುಮಗಳ ಎದುರಿಗೇ ನಿಲ್ಲಿಸಿ ಪಟಪಟನೆ ಕ್ಲಿಕ್ಕಿಸಿದೆ. ಕ್ಯಾಮೆರಾ ಪರದೆ ನೋಡಿದ ಆಕೆ, "ಹೀ ಮೀ ನಾಹೀ" ಎಂದಳು. ಇದು ನಾನಲ್ಲ! ಎಣ್ಣೆಗಪ್ಪು ಮುಖ ಸುಣ್ಣ ಬಳಿದಂತಾಗಿತ್ತು. "ಬೆಳ್ಳಗೆ ಚೆನ್ನಾಗಿ ಕಾಣ್ತಾಳಲ್ಲ" ಎಂದರು ಯಾರೋ. ನನಗೆ ತಲೆ ಎತ್ತಲಾಗಲಿಲ್ಲ.

ಮನೆಗೆ ಬಂದವನೇ ಸ್ಟೂಲಿನ ಮೇಲೆ ತೆಂಗಿನಕಾಯಿ ಇಟ್ಟು ಕಲಿಯತೊಡಗಿದೆ. ಲೈಟನ್ನು 2 ಮೀಟರ್‌ನಿಂದ 1 ಮೀಟರ್‌ಗೆ ತಂದರೆ ಬೆಳಕು ನಾಲ್ಕು ಪಟ್ಟು. ಪವರ್ ಕಾಲುಭಾಗಕ್ಕೆ ಇಳಿಸಬೇಕು. ಸಾಫ್ಟ್‌ಬಾಕ್ಸ್ ಹತ್ತಿರವಾದಷ್ಟೂ ನೆರಳಿನ ಅಂಚು ಮೃದು. ಎದುರಿನ ಬೆಳಕು ಮುಖವನ್ನು ಚಪ್ಪಟೆ ಮಾಡುತ್ತದೆ. 45 ಡಿಗ್ರಿ ಓರೆಯಿಂದ ಬಿದ್ದರೆ ಕೆನ್ನೆ, ಮೂಗು ಎದ್ದು ಬರುತ್ತವೆ. ಕಪ್ಪು ಚರ್ಮದ ಸೊಬಗಿರುವುದು ಆ ಹೊಳಪಿನ ಗೆರೆಯಲ್ಲಿ. ಅದನ್ನೇ ನಾನು ಸುಟ್ಟುಹಾಕಿದ್ದೆ.

ಮಹಾರಾಷ್ಟ್ರದಲ್ಲಿ ಮದುವೆಯಾದ ಮೊದಲ ಸಂಕ್ರಾಂತಿಗೆ ಕಪ್ಪು ಸೀರೆ, ಸಕ್ಕರೆ ಕುಸುರೆಳ್ಳಿನ ಒಡವೆ. ದುಡ್ಡು ಬೇಡವೆಂದು ಹೇಳಿ ಮತ್ತೆ ಚಾಂದವಡ್‌ಗೆ ಹೋದೆ. ಒಂದೇ ಲೈಟು, ಬದಿಯಿಂದ. ಆಕೆ ಪರದೆಯನ್ನು ಬಹಳ ಹೊತ್ತು ನೋಡಿ, "ಅಮ್ಮನಿಗೂ ಕಳಿಸಿ" ಎಂದಳು.

ಮುಹೂರ್ತದ ಆ ಚಿತ್ರಗಳನ್ನು ಮಾತ್ರ ಮತ್ತೆ ತೆಗೆಯಲಾಗುವುದಿಲ್ಲ. ಗೆಳೆಯರೇ, ನಿಮ್ಮ ಮೊದಲ ತಪ್ಪುಗಳೆಲ್ಲ ತೆಂಗಿನಕಾಯಿಯ ಮೇಲೇ ಆಗಲಿ.