ಹಳದಿ ನೀಲಿಯಾಗುವ ಬಗೆ

ಪತ್ರಿಕೆಯ ಒಳಪುಟದಲ್ಲಿ, ನಿಧನವಾರ್ತೆಗಳಿಗೂ ಟೆಂಡರುಗಳಿಗೂ ನಡುವೆ, ಭೂತಗನ್ನಡಿ ಹಿಡಿಯದೆ ಓದಲಾಗದ ಅಕ್ಷರದಲ್ಲಿ ಒಂದು ಪ್ರಕಟಣೆ ಬಂದಿತ್ತು. ಬೆಂಗಳೂರಿನ ನಮ್ಮ ಬಡಾವಣೆಯ ಇಂತಿಂಥ ನಂಬರಿನ ಸ್ವತ್ತನ್ನು ‘ವಸತಿ’ಯಿಂದ ‘ವಾಣಿಜ್ಯ’ಕ್ಕೆ ಬದಲಾಯಿಸಲು ಕೋರಿಕೆ ಬಂದಿದೆ, ಆಕ್ಷೇಪಣೆಯುಳ್ಳವರು ತಿಳಿಸತಕ್ಕದ್ದು, ಎಂದು. ಎಷ್ಟೋ ವರ್ಷಗಳಿಂದ ಹಳಗನ್ನಡ ಪಾಠ ಹೇಳುತ್ತಿರುವ ನಾನೂ ಆ ವಾಕ್ಯದ ಅನ್ವಯ ಮಾಡಿಕೊಳ್ಳಲು ಎರಡು ಸಲ ಓದಬೇಕಾಯಿತು. ಆಮೇಲೆ ಹೊಳೆಯಿತು: ಅದು ನಮ್ಮ ಬೀದಿಯ ಕೊನೆಯ ಮನೆ, ಹಿತ್ತಿಲಲ್ಲಿ ಬಾವಿಯೂ ಎರಡು ಹಲಸಿನ ಮರಗಳೂ ಇರುವ ಮನೆ.

ಆಕ್ಷೇಪಣೆ ಬರೆದುಕೊಂಡು ಕಚೇರಿಗೆ ಹೋದೆ. “ಇದರಿಂದ ನಿಮಗೇನು ತೊಂದರೆ ಮೇಷ್ಟ್ರೇ? ಅದು ನಿಮ್ಮ ಸೈಟಲ್ಲವಲ್ಲ” ಎಂದರು ಅಲ್ಲಿದ್ದವರು. ಸೌಜನ್ಯದಿಂದಲೇ ಕೇಳಿದರು. ಆದರೆ ನನ್ನ ಜಗಳವೆಲ್ಲ ಆ ಪ್ರಶ್ನೆಯೊಡನೆಯೇ. ಬದಲಾವಣೆಯಿಂದ ಕೇಡಾಗುತ್ತದೆಂದು ನಾನು ಸಾಧಿಸಿ ತೋರಿಸಬೇಕಂತೆ. ಕೇಡಾಗುವುದಿಲ್ಲವೆಂದು ತೋರಿಸುವ ಹೊಣೆ ಬದಲಾಯಿಸುವವರಿಗೆ ಇಲ್ಲವಂತೆ!

1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯಿದೆಯ 14-ಎ ಕಲಮು ಇಂಥ ಬದಲಾವಣೆಗಳು ಸಾರ್ವಜನಿಕ ಹಿತಕ್ಕಾಗಿ ಇರಬೇಕೆಂದು ಹೇಳುತ್ತದೆ. ಬಹಳ ಒಳ್ಳೆಯ ಮಾತು. ಆದರೆ ಆ ಹಿತವನ್ನು ಅಳೆಯುವ ಕೋಲು ಎಲ್ಲಿದೆ? 2006ರ ಪರಿಸರ ಪರಿಣಾಮ ಅಧಿಸೂಚನೆ 20,000 ಚದರ ಮೀಟರಿಗೆ ಮುಟ್ಟಿದ ಕಟ್ಟಡವನ್ನಷ್ಟೇ ತಡೆದು ವಿಚಾರಿಸುತ್ತದೆ. ಅದಕ್ಕಿಂತ ಸಣ್ಣವು ನೂರು ಎದ್ದರೂ ಕೇಳುವವರಿಲ್ಲ. ಇನ್ನು ನಕ್ಷೆಯ ಬಣ್ಣವನ್ನೇ ಬದಲಾಯಿಸುವುದಕ್ಕೆ ಆ ವಿಚಾರಣೆಯ ಸೋಂಕೂ ಇಲ್ಲ. ಕಟ್ಟಡಕ್ಕೆ ಪರೀಕ್ಷೆಯುಂಟು, ಕಟ್ಟಡಗಳನ್ನು ಹೆರುವ ನಕ್ಷೆಗೆ ಇಲ್ಲ!

ಆ ನಕ್ಷೆಯಲ್ಲಿ ವಸತಿಗೆ ಹಳದಿ, ವಾಣಿಜ್ಯಕ್ಕೆ ನೀಲಿ. (ನೀಲಿ ನೀರಿನ ಬಣ್ಣವೆಂದು ನಂಬಿ ಬೆಳೆದವರು ನಾವು.) ಹಳದಿಯ ಮೇಲೆ ನೀಲಿ ಹಚ್ಚುವವರಿಗೆ ಅಡಿಯಲ್ಲಿ ಏನಿದೆಯೆಂಬುದು ಬೇಕಾಗಿಲ್ಲ. ಸಂಪಂಗಿ ಕೆರೆಯ ಕಥೆಯನ್ನೇ ನೋಡಿ. ಅದರ ಸುತ್ತ ತಿಗಳರು ತೋಟ ಮಾಡುತ್ತಿದ್ದರು, ತರಕಾರಿ ಬೆಳೆಯುತ್ತಿದ್ದರು. ಚೈತ್ರ ಮಾಸದಲ್ಲಿ ಅದೇ ಜನ ಹೊರುವ ಕರಗಕ್ಕೂ ಆ ನೀರಿಗೂ ಸಂಬಂಧ. ಇಂದು ಕೆರೆಯ ಅಂಗಳದಲ್ಲಿ ಕಂಠೀರವ ಕ್ರೀಡಾಂಗಣ ನಿಂತಿದೆ. ಬದಿಯಲ್ಲಿ ಚೌಕಾಕಾರದ ಒಂದು ಪುಟ್ಟ ಕೊಳ ಮಾತ್ರ ಉಳಿದಿದೆ. ಅದು ಉಳಿದದ್ದು ಯಾವ ಯೋಜಕನ ದಯೆಯಿಂದಲೂ ಅಲ್ಲ. ಕರಗಕ್ಕೆ ಅದು ಬೇಕು, ಅದಕ್ಕೆ. ತೋಟವನ್ನು ಬೇಡುವ ಹಬ್ಬ ಯಾವುದೂ ಇರಲಿಲ್ಲ, ತೋಟ ಹೋಯಿತು. ನೀರು ಒಂದು ಇಲಾಖೆಗೆ, ಸಂಸ್ಕೃತಿ ಇನ್ನೊಂದಕ್ಕೆ ಎಂದು ಹಂಚಿ ಕೂತವರು ಇದನ್ನು ಯಾವ ಕಡತದಲ್ಲಿ ಇಡುತ್ತಾರೋ ಕಾಣೆ.

ಧರ್ಮಾಂಬುಧಿ ಕೆರೆ ಬಸ್ ನಿಲ್ದಾಣವಾದ ಕಥೆ ಎಲ್ಲರಿಗೂ ಗೊತ್ತು, ಬಿಡೋಣ.

ಅಂಗಡಿಗಳೇ ಬೇಡವೆನ್ನುವ ಮಡಿವಂತ ನಾನಲ್ಲ. ಚಿಕ್ಕಪೇಟೆ, ಬಳೇಪೇಟೆಗಳಲ್ಲಿ ಮುಂದೆ ಅಂಗಡಿ, ಹಿಂದೆ ಸಂಸಾರ ಎಂದಿನಿಂದಲೂ ಇದ್ದದ್ದೇ. ಬೀದಿಯ ಮೂಲೆಯಲ್ಲಿ ಒಬ್ಬ ದರ್ಜಿ, ಒಂದು ಇಡ್ಲಿ ಹೋಟೆಲು ಇದ್ದರೆ ನನಗೂ ಅನುಕೂಲ. ನಗರಕ್ಕೆ ಬರುವವರಿಗೆ ಜಾಗ ಬೇಕು, ಕೆಲಸ ಬೇಕು ಎಂಬುದನ್ನೂ ಒಪ್ಪುತ್ತೇನೆ. ನಾನೂ ಹೊರಗಿನಿಂದ ಬಂದವನೇ. ಆದರೆ 1898ರ ಪ್ಲೇಗಿನ ಪೆಟ್ಟು ತಿಂದ ಊರು ಬಸವನಗುಡಿ, ಮಲ್ಲೇಶ್ವರಗಳಲ್ಲಿ ಗಾಳಿ ಬೆಳಕಿಗೆಂದು ಬಿಟ್ಟುಕೊಂಡ ಜಾಗ ಅಲಂಕಾರಕ್ಕಾಗಿ ಬಿಟ್ಟದ್ದಲ್ಲ. 2007ರ ಪರಿಷ್ಕೃತ ಮಹಾನಕ್ಷೆ ವಸತಿ ಬಡಾವಣೆಗಳಿಗೆ ‘ಮಿಶ್ರ’ ಎಂಬ ವಿಶೇಷಣವನ್ನು ಅಂಟಿಸಿದಾಗ, ಬಾವಿಯ ಸೆಲೆ ಎಷ್ಟು, ಚರಂಡಿಯ ಅಗಲ ಎಷ್ಟು ಎಂದು ಬೀದಿಬೀದಿಗೆ ಬಂದು ನೋಡಿದವರು ಯಾರು? ನಮ್ಮ ಬೀದಿಗಂತೂ ಯಾರೂ ಬರಲಿಲ್ಲ.

ನಕ್ಷೆ ತಾನೇ, ಕಾಗದ ತಾನೇ, ಎನ್ನುವವರಿದ್ದಾರೆ. 2016ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಬೆಂಗಳೂರಿನ ಕೆರೆಗಳ ಸುತ್ತ 75 ಮೀಟರು ಬಿಡಬೇಕೆಂದಿತು. ಮಹಾನಕ್ಷೆಯಲ್ಲಿದ್ದದ್ದು 30. 2019ರಲ್ಲಿ ಸರ್ವೋಚ್ಚ ನ್ಯಾಯಾಲಯ, ಶಾಸನಬದ್ಧ ನಕ್ಷೆಯನ್ನು ತಿದ್ದಲು ಮಂಡಳಿಗೆ ಅಧಿಕಾರವಿಲ್ಲವೆಂದು ಆ ಆದೇಶವನ್ನು ತಳ್ಳಿಹಾಕಿತು. ಕಾನೂನಿನ ದೃಷ್ಟಿಯಿಂದ ಸರಿಯಿರಬಹುದು. ಹಾಗಾದರೆ ಕೆರೆಗೆ ಉಳಿದ ಕಾವಲು ನಕ್ಷೆಯ ಆ ಗೆರೆಯೊಂದೇ ಎಂದಾಯಿತು. 2022ರ ಸೆಪ್ಟೆಂಬರಿನಲ್ಲಿ ಬೆಳ್ಳಂದೂರಿನ ಕಡೆ ಜನರು ಟ್ರ್ಯಾಕ್ಟರು ಹತ್ತಿ ಕಚೇರಿಗೆ ಹೋದರಲ್ಲ, ಆ ನೀರು ಯಾವ ಗೆರೆಯನ್ನೂ ಓದಿಕೊಂಡು ಬಂದಿರಲಿಲ್ಲ.

ನಾನು ಕೇಳುವುದು ದೊಡ್ಡದೇನಲ್ಲ. ಬಣ್ಣ ಬದಲಿಸುವ ಮುನ್ನ ಆ ನೆಲದ ಮಳೆನೀರು ಎತ್ತ ಹರಿಯುತ್ತದೆ, ಮೇಲೆ ಏನು ಬೆಳೆದಿದೆ, ಯಾರು ಅಲ್ಲಿ ವ್ಯಾಪಾರ, ಜಾತ್ರೆ, ಪೂಜೆ, ಆಟ ನಡೆಸುತ್ತಾರೆ ಎಂಬುದನ್ನು ಬದಲಾವಣೆ ಕೋರಿದವರ ಖರ್ಚಿನಲ್ಲಿ, ಅವರ ಹಂಗಿಲ್ಲದವರಿಂದ ಬರೆಸಲಿ. ಅದನ್ನು ತಿಳಿಯುವ ಕನ್ನಡದಲ್ಲಿ ಆ ಜಾಗದ ಗೇಟಿಗೇ ತೂಗುಹಾಕಲಿ. ಹೂ ಮಾರುವಾಕೆಯೂ ಓದಿ, ಬೇಡವಾದರೆ ಬೇಡವೆನ್ನಲಿ. ಇದರಿಂದ ಕೆಲಸ ನಿಧಾನವಾಗುತ್ತದೆ ಎನ್ನುತ್ತಾರೆ. ಆಗಲಿ. ಹಲಸು ಕಾಯಿ ಬಿಡುವುದಕ್ಕೂ ವರ್ಷಗಳು ಬೇಕಾದವು.

ನನ್ನ ಆಕ್ಷೇಪಣೆಯ ಪ್ರತಿಗೆ ಸ್ವೀಕೃತಿಯ ಮುದ್ರೆ ಬಿದ್ದಿದೆ. ಉತ್ತರ ಬಂದಿಲ್ಲ. ಮೊನ್ನೆ ಸಂಜೆ ಕೊನೆಯ ಮನೆಯ ಮುಂದೆ ಇಬ್ಬರು ಟೇಪು ಹಿಡಿದು ಅಳೆಯುತ್ತಿದ್ದರು. ಒಬ್ಬ ಮರವನ್ನು ತೋರಿಸಿ ಏನೋ ಹೇಳಿದ, ಇನ್ನೊಬ್ಬ ಬರೆದುಕೊಂಡ.